ಮೋಡಿಯ ಬರಹವೂ ಗಣಕದ ಅಚ್ಚೂ: ಒಂದು ವಿಮರ್ಶೆ

ಆದಿತೀರ್ಥಂಕರನಾದ ವೃಷಭನಾಥನು ತನ್ನ ಪುತ್ರಿಯರಾದ ಬ್ರಾಹ್ಮಿ ಸುಂದರಿಯರಿಗೆ ಲಿಪಿಯನ್ನೂ ಅಂಕವನ್ನೂ ಉಪದೇಶಿಸಿದನೆಂಬ ವೃತ್ತಾಂತವು ಜಿನಸೇನಾಚಾರ್ಯರ ಆದಿಪುರಾಣದಿಂದ ವಿದ್ವಾಂಸರಿಗೆ ಸುಪರಿಚಿತವಾಗಿದೆ. ಅಕ್ಷರವಿದ್ಯೆಯೂ ಅಂಕವಿದ್ಯೆಯೂ ಒಂದೇ ಗುರುಮುಖದಿಂದ ಹೊರಟವೆಂಬುದು ಈ ವೃತ್ತಾಂತದ ಸ್ವಾರಸ್ಯ. ಜೈನ ಸಮಾಜದ ಬರವಣಿಗೆಯ ಇತಿಹಾಸವನ್ನು ಅವಲೋಕಿಸಿದರೆ ಈ ಎರಡು ಧಾರೆಗಳೂ ಜೊತೆಜೊತೆಯಾಗಿಯೇ ಹರಿದು ಬಂದಿರುವುದು ಕಾಣುತ್ತದೆ. ಒಂದು, ಶ್ರುತವನ್ನು ಕಾಪಾಡಿಕೊಂಡು ಬಂದ ಶಾಸ್ತ್ರದ ಬರಹ. ಇನ್ನೊಂದು, ವ್ಯಾಪಾರ, ದತ್ತಿ, ಭೂಮಿಕಾಣಿ, ಪತ್ರವ್ಯವಹಾರಗಳನ್ನು ನಡೆಸಿದ ಲೆಕ್ಕದ ಬರಹ. ಮೊದಲನೆಯದು ನಿಧಾನದ ಬರಹ. ಅಲ್ಲಿ ಪ್ರತಿಯೊಂದು ಅಕ್ಷರವೂ ಬಿಡಿಯಾಗಿ, ಸ್ಫುಟವಾಗಿ ನಿಲ್ಲುತ್ತದೆ. ಎರಡನೆಯದು ತ್ವರೆಯ ಬರಹ. ಅಲ್ಲಿ ಲೇಖನಿಯನ್ನು ಎತ್ತದೆ ಅಕ್ಷರದಿಂದ ಅಕ್ಷರಕ್ಕೆ ಸಾಗುವುದೇ ಲಿಪಿಕಾರನ ಜಾಣ್ಮೆ.

ಹಸ್ತಪ್ರತಿಶಾಸ್ತ್ರವು ಸಹಜವಾಗಿಯೇ ಮೊದಲನೆಯ ಬರಹದ ಕಡೆಗೆ ಹೆಚ್ಚು ಗಮನವನ್ನು ಕೊಟ್ಟಿದೆ. ತ್ವರೆಯ ಕೂಡುಬರಹವು ಕಚೇರಿಯ ದಪ್ತರಗಳಲ್ಲಿಯೂ ಮನೆತನದ ಪೆಟ್ಟಿಗೆಗಳಲ್ಲಿಯೂ ಉಳಿದು, ಅದನ್ನು ಓದಬಲ್ಲವರ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತ ಬಂದಿದೆ. ಇಂತಹ ಸಮಯದಲ್ಲಿ ಆ ಬರಹಕ್ಕೆ ಗಣಕಯಂತ್ರದ ಅಚ್ಚಕ್ಷರ, ಅಂದರೆ ಫಾಂಟು, ಒದಗಿ ಬಂದಿರುವುದು ಒಂದು ಮುಖ್ಯ ಸಂಗತಿ. ಅದು ಸ್ವಾಗತಾರ್ಹವೇ ಆಗಿದೆ. ಆದರೆ ಕೈಯ ಓಟದಿಂದ ಹುಟ್ಟಿದ ಬರಹವೊಂದು ಅಚ್ಚಿನ ಅಕ್ಷರವಾದಾಗ ಅದರ ರೂಪದಲ್ಲಿ ಏನು ಉಳಿಯುತ್ತದೆ, ಏನು ಅಳಿಯುತ್ತದೆ, ಅದನ್ನು ಯಾವ ಕಾರ್ಯಕ್ಕೆ ಬಳಸುವುದು ಯುಕ್ತ, ಯಾವುದಕ್ಕೆ ಅಯುಕ್ತ ಎಂಬುದನ್ನು ಪರಿಶೀಲಿಸದೆ ಅದನ್ನು ಸಂಪಾದನಕಾರ್ಯದೊಳಕ್ಕೆ ಬರಮಾಡಿಕೊಳ್ಳುವುದು ಕ್ಷೇಮಕರವಲ್ಲ. ಈ ಪರಿಶೀಲನೆಗೆ ಮೋಡಿ ಲಿಪಿಯು ಅತ್ಯಂತ ಉಚಿತವಾದ ಉದಾಹರಣೆ.

ಮೊದಲು ಎರಡು ಬಗೆಯ ಬರಹಗಳ ಸ್ವಭಾವಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪಶ್ಚಿಮ ಭಾರತದ ಭಂಡಾರಗಳಲ್ಲಿರುವ ಶಾಸ್ತ್ರಗ್ರಂಥಗಳು ಜೈನ ನಾಗರಿಯೆಂದು ಹೆಸರಾದ ಬರಹದಲ್ಲಿವೆ. ಅಲ್ಲಿಯ ಅಕ್ಷರಗಳು ಬಿಡಿ, ಅಂಚುಗಳು ನೇರ, ಪತ್ರದ ನಡುವೆ ಬಿಟ್ಟ ಸ್ಥಳ ನಿಯತ. ಅದೇ ಪ್ರದೇಶದ ಜೈನ ಶ್ರೇಷ್ಠಿಗಳ ಬಹಿಗಳಲ್ಲಿಯೂ ಹುಂಡಿಗಳಲ್ಲಿಯೂ ಬಳಕೆಯಾದುದು ಮಹಾಜನಿ, ವಾಣಿಯಾಶಾಯಿ ಮುಂತಾದ ವ್ಯಾಪಾರಿ ಬರಹಗಳು. ಮಹಾಜನಿಯಲ್ಲಿ ಸ್ವರಚಿಹ್ನೆಗಳೇ ಇಲ್ಲ. ‘ಕಾಕಾಜಿ ಅಜಮೇರಕ್ಕೆ ಹೋದರು’ ಎಂದು ಬರೆದುದನ್ನು ‘ಕಾಕಾಜಿ ಇಂದು ತೀರಿಹೋದರು’ ಎಂದು ಓದಿಕೊಂಡು ಮನೆಯವರೆಲ್ಲ ಅತ್ತರೆಂಬ ವಿನೋದದ ಕಥೆಯು ಉತ್ತರದೇಶದಲ್ಲಿ ಮನೆಮಾತಾಗಿದೆ. ಹಿಂದಿಯಲ್ಲಿ ‘ಅಜಮೇರ ಗಯೇ’ ಎಂಬುದಕ್ಕೂ ‘ಆಜ ಮರ ಗಯೇ’ ಎಂಬುದಕ್ಕೂ ವ್ಯಂಜನಗಳು ಒಂದೇ ಆಗಿರುವುದು ಈ ವಿನೋದದ ಮೂಲ. ಆದರೆ ಈ ಕಥೆಯಿಂದ ಆ ಬರಹವನ್ನು ದೋಷಯುಕ್ತವೆಂದು ತಿರಸ್ಕರಿಸಲಾಗದು. ಬರೆದವನೂ ಓದುವವನೂ ಒಂದೇ ವ್ಯವಹಾರದೊಳಗಿರುವಾಗ ಅಷ್ಟೇ ಸಾಕಾಗುತ್ತಿತ್ತು. ಶಾಸ್ತ್ರದ ಬರಹವಾದರೋ ಅಪರಿಚಿತನಾದ, ಇನ್ನೂ ಹುಟ್ಟದಿರುವ ಓದುಗನಿಗಾಗಿ ಬರೆದುದು. ಆದುದರಿಂದ ಅದು ಸಂದೇಹಕ್ಕೆ ಎಡೆಗೊಡಲಾರದು. ತ್ವರೆಯ ಬರಹವು ಪರಿಚಿತರ ನಡುವಣ ಬರಹ. ಶಾಸ್ತ್ರದ ಬರಹವು ಅಪರಿಚಿತರ ಕಡೆಗೆ ನಡೆಯುವ ಬರಹ.

ಮೋಡಿಯ ಹುಟ್ಟಿನ ವಿಷಯದಲ್ಲಿ ಐತಿಹ್ಯಗಳುಂಟು. ದೇವಗಿರಿಯ ಯಾದವರಾದ ಮಹಾದೇವ ರಾಮಚಂದ್ರರ ಆಸ್ಥಾನದಲ್ಲಿ ಕರಣಾಧಿಪನಾಗಿದ್ದ ಹೇಮಾದ್ರಿ ಪಂಡಿತನು ಇದನ್ನು ಪ್ರಚಾರಕ್ಕೆ ತಂದನೆಂದು ಮಹಾರಾಷ್ಟ್ರದಲ್ಲಿ ನಂಬಿಕೆಯಿದೆ. ಅವನು ಇದನ್ನು ಲಂಕೆಯಿಂದ ತಂದನೆಂಬ ಮಾತು ಮಾತ್ರ ಕೇವಲ ಕಟ್ಟುಕಥೆ. ‘ಮೋಡಣೇ’ ಎಂಬ ಮರಾಠಿ ಧಾತುವಿಗೆ ಮುರಿ, ಬಾಗಿಸು ಎಂದರ್ಥ. ನಾಗರಿಯ ಅಕ್ಷರಗಳನ್ನು ಮುರಿದು ಬಾಗಿಸಿದ ಬರಹವಾದುದರಿಂದ ಈ ಹೆಸರೆಂಬುದು ಸಾಮಾನ್ಯವಾಗಿ ಒಪ್ಪಿತವಾದ ನಿರುಕ್ತಿ. ಇದಕ್ಕೆ ಪ್ರತಿಯಾಗಿ ನಾಗರಿಗೆ ‘ಬಾಳಬೋಧ’ ಎಂಬ ಹೆಸರು ಮರಾಠಿಯಲ್ಲಿ ರೂಢವಾಯಿತು. ಬಾಲಕರಿಗೂ ಬೋಧೆಯಾಗುವ ಬರಹ ಒಂದು, ಬಲ್ಲವರಿಗೆ ಮಾತ್ರ ತಿಳಿಯುವ ಬರಹ ಇನ್ನೊಂದು ಎಂಬ ವಿಭಾಗವು ಹೆಸರುಗಳಲ್ಲಿಯೇ ಅಡಗಿದೆ.

ಮೋಡಿಯ ರೂಪಲಕ್ಷಣಗಳನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಲಿಪಿಕಾರನು ಕಾಗದದ ಎಡದಿಂದ ಬಲಕ್ಕೆ ಮೊದಲು ಶಿರೋರೇಖೆಯನ್ನು ಒಂದೇ ಗೆರೆಯಾಗಿ ಎಳೆಯುತ್ತಾನೆ. ಬಳಿಕ ಅಕ್ಷರಗಳನ್ನು ಅದಕ್ಕೆ ತೂಗುಹಾಕಿದಂತೆ ಬರೆಯುತ್ತ ಹೋಗುತ್ತಾನೆ. ನಾಗರಿಯಲ್ಲಿ ಶಿರೋರೇಖೆಯು ಪದವನ್ನು ಕಟ್ಟುತ್ತದೆ; ಮೋಡಿಯಲ್ಲಿ ಅದು ಪಂಕ್ತಿಯನ್ನು ಕಟ್ಟುತ್ತದೆ. ಆದುದರಿಂದ ಪದವಿಭಾಗವು ಕಣ್ಣಿಗೆ ಕಾಣುವುದಿಲ್ಲ. ವಿರಾಮಚಿಹ್ನೆಗಳ ನೆರವೂ ಇಲ್ಲ. ಇಕಾರ ಈಕಾರಗಳಿಗೆ ಒಂದೇ ರೂಪ, ಉಕಾರ ಊಕಾರಗಳಿಗೂ ಒಂದೇ ರೂಪ ಬಳಕೆಯಲ್ಲಿದ್ದವು. ಕೆಲವು ವ್ಯಂಜನಗಳು ಆಕಾರವನ್ನು ಪಡೆದೊಡನೆ ತಮ್ಮ ಮೂಲರೂಪವನ್ನೇ ಬಿಟ್ಟು ಬೇರೆಯಾಗುತ್ತವೆ. ರಕಾರವು ನೆರೆಯ ಅಕ್ಷರಗಳಿಗೆ ಅನುಗುಣವಾಗಿ ಹಲವು ರೂಪಗಳನ್ನು ತಾಳುತ್ತದೆ. ರಾಜಶ್ರೀ, ಮುಕ್ಕಾಮು ಮುಂತಾದ ಪದೇ ಪದೇ ಬರುವ ಮಾತುಗಳು ಮೊದಲ ಅಕ್ಷರ ಮತ್ತು ಒಂದು ಸಂಕ್ಷೇಪಚಿಹ್ನೆಗೆ ಇಳಿದುಬಿಡುತ್ತವೆ. ಇವೆಲ್ಲವೂ ಕೈಯನ್ನು ಎತ್ತದೆ ಬರೆಯಬೇಕೆಂಬ ಒಂದೇ ಉದ್ದೇಶದಿಂದ ಹುಟ್ಟಿದ ಲಕ್ಷಣಗಳು.

ಈ ಬರಹವು ಎಲ್ಲ ಕಾಲದಲ್ಲಿಯೂ ಒಂದೇ ಆಗಿರಲಿಲ್ಲವೆಂಬುದು ಗಮನಾರ್ಹ. ಯಾದವಕಾಲೀನ, ಬಹಮನಿಕಾಲೀನ, ಶಿವಕಾಲೀನ, ಪೇಶವೆಕಾಲೀನ, ಆಂಗ್ಲಕಾಲೀನ ಎಂದು ವಿದ್ವಾಂಸರು ಮೋಡಿಯ ಶೈಲಿಗಳನ್ನು ವಿಂಗಡಿಸಿದ್ದಾರೆ. ಪೇಶವೆಗಳ ಕಾಲದಲ್ಲಿಯೇ ಚಿಟಣೀಸಿ, ಬಿಳವಲಕರಿ, ಮಹಾದೇವಪಂತಿ, ರಾನಡಿ ಎಂಬ ಬೇರೆಬೇರೆ ಬರಹಪದ್ಧತಿಗಳಿದ್ದವು. ಬೋರುವಿನ, ಅಂದರೆ ಜೊಂಡಿನ ಲೇಖನಿಯ ಓರೆಯಾದ ಮೊನೆಯು ಇಳಿಗೆರೆಯನ್ನು ದಪ್ಪವಾಗಿಯೂ ಏರುಗೆರೆಯನ್ನು ತೆಳುವಾಗಿಯೂ ಮೂಡಿಸುತ್ತಿತ್ತು. ಲೋಹದ ಮೊನೆಯ ಲೇಖನಿ ಬಂದ ಮೇಲೆ ಆ ದಪ್ಪ ತೆಳುವಿನ ಭೇದ ಕುಗ್ಗಿ, ಅಕ್ಷರಗಳು ಇನ್ನಷ್ಟು ಇಕ್ಕಟ್ಟಾದವು. ಕಾಲನಿರ್ದೇಶವಿಲ್ಲದ ಒಂದು ಕಾಗದವು ಕೈಗೆ ಬಂದಾಗ ಅದರ ಕಾಲವನ್ನು ಊಹಿಸಲು ಈ ಭೇದಗಳೇ ಆಧಾರ.

ಮೋಡಿಯು ಕನ್ನಡನಾಡಿಗೆ ಹೊರಗಿನದೇನೂ ಅಲ್ಲ. ಪೇಶವೆಗಳ ಆಳಿಕೆಗೆ ಒಳಪಟ್ಟಿದ್ದ ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳಲ್ಲಿ 1818ರ ಅನಂತರವೂ ಕೆಲವು ದಶಕಗಳ ಕಾಲ ಕಚೇರಿಯ ಭಾಷೆ ಮರಾಠಿಯಾಗಿಯೇ ಉಳಿದಿತ್ತು. ಅದರ ಬರಹ ಮೋಡಿ. ಮುಂಬಯಿ ಪ್ರಾಂತದಲ್ಲಿ 1852ರ 11ನೆಯ ಕಾಯಿದೆಯ ಮೇರೆಗೆ ಇನಾಮು ಭೂಮಿಗಳ ಹಕ್ಕನ್ನು ವಿಚಾರಿಸಲು ತೊಡಗಿದಾಗ ಸನದುಗಳೂ ಕೈಫಿಯತ್ತುಗಳೂ ಸಾಕ್ಷ್ಯವಾಗಿ ನಿಂತವು. ಈ ಸೀಮೆಯ ದೇವಸ್ಥಾನ, ಮಠ, ಬಸದಿಗಳ ದತ್ತಿಯ ಇತಿಹಾಸವನ್ನು ಬರೆಯಹೊರಟವನು ಮೋಡಿಯನ್ನು ದಾಟಿ ಹೋಗಲಾರನು. ಕನ್ನಡದಲ್ಲಿಯೇ ಇದಕ್ಕೆ ಸಮಾನವಾದ ತ್ವರೆಯ ಬರಹವೊಂದು ಬೆಳೆದಿತ್ತು. ಹುಣಿಸೆಬೀಜದ ಸರಿ ಮತ್ತು ಇದ್ದಿಲು ಪುಡಿಯನ್ನು ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ಕಾಣುವ ಕೂಡಕ್ಷರದ ಬರಹವನ್ನೂ ಜನರು ಮೋಡಿಯೆಂದೇ ಕರೆದರು. ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ತಾಡಪತ್ರದ ಮೇಲೆ ಕಂಟದಿಂದ ಕೊರೆದ ದುಂಡಕ್ಷರವನ್ನು ಸರಾಗವಾಗಿ ಓದಬಲ್ಲ ಪಂಡಿತರೂ ಕಡತದ ಮುಂದೆ ತಡವರಿಸುವುದುಂಟು.

ಕೂಡುಬರಹವನ್ನು ಅಚ್ಚಿಗೆ ಇಳಿಸುವ ಪ್ರಯತ್ನ ಹೊಸದಲ್ಲ. ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯು 1805ರಲ್ಲಿ ಪ್ರಕಟಿಸಿದ ಮರಾಠಿ ವ್ಯಾಕರಣವು ನಾಗರಿ ಅಕ್ಷರಗಳಲ್ಲಿದ್ದಿತು. 1810ರ ಅವನ ಮರಾಠಿ ನಿಘಂಟಿಗೆ ಮೋಡಿಯ ಅಚ್ಚುಮೊಳೆಗಳು ಬಳಕೆಯಾದವು. ಪಂಚಾನನ ಕರ್ಮಕಾರನೂ ಅವನ ಅಳಿಯ ಮನೋಹರನೂ ಬೆಳೆಸಿದ ಅಚ್ಚುಮೊಳೆಯ ಕಾರ್ಯಾಗಾರವು ಆ ಕಾಲದಲ್ಲಿ ಅದ್ವಿತೀಯವಾದುದು. ಆದರೂ ಸೀಸದ ಮೊಳೆಯ ಸ್ವಭಾವಕ್ಕೂ ಮೋಡಿಯ ಸ್ವಭಾವಕ್ಕೂ ಮೂಲದಲ್ಲಿಯೇ ವಿರೋಧವಿದೆ. ಮೊಳೆಯು ಚೌಕವಾದ ಬಿಡಿ ತುಂಡು. ಮೋಡಿಯು ಬಿಡದೆ ಹರಿಯುವ ಗೆರೆ. ಅಲ್ಲದೆ ಅಚ್ಚಿನಿಂದ ಪುಸ್ತಕವು ಅಪರಿಚಿತ ಓದುಗರ ಕೈಗೆ ಹೋಗುತ್ತದೆ. ಅಪರಿಚಿತರಿಗೆ ಬೇಕಾದುದು ಬಾಳಬೋಧವೇ ಹೊರತು ಮೋಡಿಯಲ್ಲ. ಮರಾಠಿಯ ಮುದ್ರಣವು ಕ್ರಮೇಣ ನಾಗರಿಯಲ್ಲಿ ನೆಲೆನಿಂತಿತು. ಮೋಡಿಯು ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಕೈಬರಹವಾಗಿ ಮುಂದುವರಿದು ಬಳಿಕ ಮರೆಯಾಯಿತು.

ಯೂನಿಕೋಡ್ ಸಂಸ್ಥೆಯು 2014ರಲ್ಲಿ ಪ್ರಕಟಿಸಿದ ತನ್ನ ಏಳನೆಯ ಆವೃತ್ತಿಯಲ್ಲಿ ಮೋಡಿಗೂ ಮಹಾಜನಿಗೂ ಪ್ರತ್ಯೇಕ ಸಂಕೇತಸ್ಥಾನಗಳನ್ನು ಒದಗಿಸಿದುದು ಈ ಲಿಪಿಗಳ ಇತಿಹಾಸದಲ್ಲಿ ಒಂದು ತಿರುವು. 2024ರ ಹದಿನಾರನೆಯ ಆವೃತ್ತಿಯಲ್ಲಿ ತುಳು-ತಿಗಳಾರಿಗೂ ಸ್ಥಾನ ದೊರೆತಿದೆ. ಈ ಆಧಾರದ ಮೇಲೆ ರಚಿತವಾದ ‘ನೋಟೊ ಸಾನ್ಸ್ ಮೋಡಿ’ ಮೊದಲಾದ ಫಾಂಟುಗಳು ಯಾರಿಗೂ ಸುಲಭವಾಗಿ ದೊರೆಯುತ್ತವೆ. ಇವುಗಳಿಂದಾದ ಪ್ರಯೋಜನವನ್ನು ಮೊದಲು ಒಪ್ಪಿಕೊಳ್ಳಬೇಕು. ಹಿಂದೆ ಕನ್ನಡ ಗ್ರಂಥವೊಂದರಲ್ಲಿ ಮೋಡಿಯ ಒಂದು ಅಕ್ಷರವನ್ನು ತೋರಿಸಬೇಕಾದರೆ ಬರೆಸಿ, ಛಾಯಾಚಿತ್ರ ತೆಗೆಸಿ, ಬ್ಲಾಕು ಮಾಡಿಸಬೇಕಾಗಿತ್ತು. ಈಗ ಪಂಕ್ತಿಯ ನಡುವೆಯೇ ಅದನ್ನು ಜೋಡಿಸಬಹುದು. ಕಲಿಯುವವರಿಗೆ ಅಕ್ಷರಮಾಲೆಯನ್ನೂ ಕಾಗುಣಿತವನ್ನೂ ಅಚ್ಚುಕಟ್ಟಾಗಿ ಮುದ್ರಿಸಿ ಕೊಡಬಹುದು. ಸಂಕ್ಷೇಪಚಿಹ್ನೆಗೂ ಸ್ವತಂತ್ರ ಸಂಕೇತವಿರುವುದರಿಂದ ಅದನ್ನು ಬೇರಾವುದೋ ಗುರುತಿನಿಂದ ಸೂಚಿಸುವ ಕಷ್ಟ ತಪ್ಪಿದೆ. ಗ್ರಂಥಸೂಚಿಗಳಲ್ಲಿ ಪದವನ್ನು ಹುಡುಕಿ ತೆಗೆಯುವ ಸೌಕರ್ಯವೂ ಸಾಮಾನ್ಯವಾದುದಲ್ಲ.

ಇನ್ನು ಇವುಗಳ ರೂಪವಿಮರ್ಶೆ. ‘ಸಾನ್ಸ್’ ಎಂಬ ಹೆಸರೇ ಸೂಚಿಸುವಂತೆ ಈ ಬಗೆಯ ಅಕ್ಷರಗಳಲ್ಲಿ ಗೆರೆಯ ದಪ್ಪವು ಸಮನಾಗಿದೆ. ಪರದೆಯ ಮೇಲೆ ಸಣ್ಣ ಗಾತ್ರದಲ್ಲಿ ಸ್ಪಷ್ಟವಾಗಿ ಕಾಣುವುದಕ್ಕೆ ಇದು ಅನುಕೂಲ. ಆದರೆ ಮೋಡಿಯಲ್ಲಿ ದಪ್ಪ ತೆಳುಗಳು ಕೇವಲ ಅಲಂಕಾರವಲ್ಲ. ಲೇಖನಿಯು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಯಿತೆಂಬುದಕ್ಕೆ ಅವು ಹೆಜ್ಜೆಗುರುತು. ಅಭ್ಯಾಸವಿದ್ದ ಓದುಗನು ಅಕ್ಷರದ ಆಕಾರಕ್ಕಿಂತ ಗೆರೆಯ ಗತಿಯನ್ನೇ ಅನುಸರಿಸುತ್ತಾನೆ. ಗತಿಯು ಅಳಿಸಿಹೋದ ಅಕ್ಷರಮಾಲೆಯಿಂದ ಕಲಿತವನು ಫಾಂಟನ್ನು ಓದಬಲ್ಲನೇ ಹೊರತು ಕಾಗದವನ್ನು ಓದಲು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಜೊತೆಗೆ, ಫಾಂಟು ಅನಿವಾರ್ಯವಾಗಿ ಒಂದೇ ಶೈಲಿಯನ್ನು ಆರಿಸಿಕೊಳ್ಳುತ್ತದೆ. ಶಿವಕಾಲೀನ ಪತ್ರವೂ ಆಂಗ್ಲಕಾಲೀನ ದಾಖಲೆಯೂ ಅದರಲ್ಲಿ ಒಂದೇ ಮುಖವನ್ನು ಪಡೆಯುತ್ತವೆ. ಕಾಲಭೇದವನ್ನು ಸೂಚಿಸಬಲ್ಲ ಲಕ್ಷಣಗಳೆಲ್ಲ ಅಳಿದುಹೋಗುತ್ತವೆ.

ಕೂಡುಬರಹವನ್ನು ಯಂತ್ರಕ್ಕೆ ಒಗ್ಗಿಸುವುದು ಅಸಾಧ್ಯವೆಂದು ಇದರಿಂದ ಭಾವಿಸಬೇಕಾಗಿಲ್ಲ. ಉರ್ದುವಿನ ನಸ್ತಾಲೀಖ್ ಬರಹದ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. ದೀರ್ಘಕಾಲ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಿಂದ ಬರೆದು ಶಿಲಾಮುದ್ರಣಕ್ಕೆ ಕೊಡುತ್ತಿದ್ದರು. 1981ರಲ್ಲಿ ಲಾಹೋರಿನ ಜಂಗ್ ಪತ್ರಿಕೆಯಲ್ಲಿ ಬಳಕೆಗೆ ಬಂದ ನೂರಿ ನಸ್ತಾಲೀಖಿಗಾಗಿ ಮಿರ್ಜಾ ಅಹಮದ್ ಜಮೀಲರು ಸುಮಾರು 20,000 ಕೂಡುರೂಪಗಳನ್ನು ತಮ್ಮ ಕೈಯಿಂದ ಬರೆದುಕೊಟ್ಟರು. ಬಿಡಿ ಅಕ್ಷರಗಳನ್ನು ಜೋಡಿಸುವುದರ ಬದಲು ಕೂಡಿಯೇ ಬರೆದ ಅಕ್ಷರಸಮೂಹಗಳನ್ನು ಯಂತ್ರಕ್ಕೆ ಒಪ್ಪಿಸಿದುದೇ ಆ ಸಿದ್ಧಿಯ ಗುಟ್ಟು. ಆ ಶ್ರಮದ ಹಿಂದೆ ಪ್ರತಿದಿನವೂ ಆ ಬರಹವನ್ನು ಓದುವ ಲಕ್ಷಾಂತರ ಜನರಿದ್ದರು. ಒಂದು ಗೆರೆ ತಪ್ಪಿದರೂ ಅವರ ಕಣ್ಣು ಒಪ್ಪುತ್ತಿರಲಿಲ್ಲ. ಮೋಡಿಗೆ ಅಂತಹ ಓದುಗವರ್ಗವಿಲ್ಲ. ಫಾಂಟು ತಪ್ಪಿದರೆ ತಿದ್ದುವ ಕಣ್ಣುಗಳು ಕಡಿಮೆ. ಅಂದ ಮೇಲೆ ಅದನ್ನು ಬಳಸುವ ವಿದ್ವಾಂಸನ ಹೊಣೆ ಹೆಚ್ಚು.

ಕೂಡುಬರಹವು ಅಚ್ಚಾದಾಗ ಅದರ ಉಪಯೋಗವೂ ಬದಲಾಗುತ್ತದೆಂಬುದಕ್ಕೆ ಯುರೋಪಿನ ಇಟಾಲಿಕ್ ಅಕ್ಷರವು ನಿದರ್ಶನ. ವೆನಿಸಿನ ಆಲ್ಡಸ್ ಮನೂಷಿಯಸನು 1501ರಲ್ಲಿ ವರ್ಜಿಲ್ ಕವಿಯ ಕಾವ್ಯಗಳನ್ನು ಮುದ್ರಿಸಿದಾಗ ಫ್ರಾಂಚೆಸ್ಕೊ ಗ್ರಿಫೊ ಕೊರೆದ ಈ ಅಕ್ಷರದಲ್ಲಿಯೇ ಇಡೀ ಗ್ರಂಥವಿದ್ದಿತು. ಅದು ಅಂದಿನ ವಿದ್ವಾಂಸರ ತ್ವರೆಯ ಕೈಬರಹದ ಅನುಕರಣ. ಕಾಲಕ್ರಮದಲ್ಲಿ ಆ ಅಕ್ಷರವು ಗ್ರಂಥದ ಮುಖ್ಯಪಾಠದಿಂದ ಹಿಂದೆ ಸರಿದು, ಒಂದು ಪದವನ್ನು ಎತ್ತಿ ತೋರಿಸಲು, ಗ್ರಂಥನಾಮವನ್ನು ಬೇರ್ಪಡಿಸಲು ಮಾತ್ರ ಬಳಕೆಯಾಯಿತು. ಕೈಬರಹವಾಗಿದ್ದುದು ಒಂದು ಸಂಕೇತವಾಯಿತು. ಈ ಸಂಕೇತವನ್ನು ಅನುಕರಿಸಿ ಕನ್ನಡದ ಅಚ್ಚಿನಲ್ಲಿಯೂ ಪ್ರಾಕೃತ ಗಾಹೆಗಳನ್ನೋ ಉದ್ಧೃತ ವಾಕ್ಯಗಳನ್ನೋ ಓರೆಯಾಗಿ ವಾಲಿಸುವ ರೂಢಿ ಬಂದಿದೆ. ಇಟಾಲಿಕ್ ಅಕ್ಷರದ ಓರೆಯ ಹಿಂದೆ ಒಂದು ಕೈಬರಹವಿತ್ತು. ಕನ್ನಡದ ಓರೆಯ ಹಿಂದೆ ಅಂತಹ ಯಾವ ಕೈಯೂ ಇಲ್ಲ. ದುಂಡಾದ ಅಕ್ಷರವನ್ನು ಯಂತ್ರವು ಪಕ್ಕಕ್ಕೆ ತಳ್ಳಿದೆ, ಅಷ್ಟೇ. ಒತ್ತಕ್ಷರಗಳೂ ದೀರ್ಘಚಿಹ್ನೆಗಳೂ ಅಲ್ಲಿ ಇಕ್ಕಟ್ಟಾಗಿ ಗಾಹೆಯ ಮಾತ್ರಾಗಣನೆಗೆ ತೊಡಕಾಗುತ್ತವೆ. ಪಾಠಶುದ್ಧಿಯೇ ಮುಖ್ಯವಾದಲ್ಲಿ ಈ ಅಲಂಕಾರ ಸಲ್ಲದು.

ಆದರೆ ಇದು ಸಣ್ಣ ದೋಷ. ದೊಡ್ಡ ಅಪಾಯವಿರುವುದು ದಾಖಲೆಯ ಪಾಠವನ್ನೇ ಮೋಡಿಯ ಫಾಂಟಿನಲ್ಲಿ ಅಚ್ಚುಮಾಡುವಲ್ಲಿ. ಹೀಗೆ ಅಚ್ಚಾದ ಪಾಠವು ಮೂಲದಂತೆಯೇ ತೋರುತ್ತದೆ. ವಾಸ್ತವವಾಗಿ ಅದು ಸಂಪಾದಕನ ಓದು. ಲಿಪಿಕಾರನು ಹ್ರಸ್ವವೋ ದೀರ್ಘವೋ ಎಂಬ ನಿರ್ಣಯವನ್ನೇ ಮಾಡಿರಲಿಲ್ಲ. ಯೂನಿಕೋಡಿನಲ್ಲಿ ಇಕಾರ ಈಕಾರಗಳಿಗೆ ಬೇರೆಬೇರೆ ಸಂಕೇತಗಳಿರುವುದರಿಂದ ಟಂಕಿಸುವವನು ಆ ನಿರ್ಣಯವನ್ನು ಮಾಡಲೇಬೇಕಾಗುತ್ತದೆ. ಲಿಪಿಕಾರನು ಪದಗಳನ್ನು ಬಿಡಿಸಿರಲಿಲ್ಲ, ಟಂಕಿಸುವವನು ಬಿಡಿಸುತ್ತಾನೆ. ಮಸುಕಾದ ಅಕ್ಷರವನ್ನು ಊಹಿಸಿ ತುಂಬುತ್ತಾನೆ. ಈ ಎಲ್ಲ ನಿರ್ಣಯಗಳೂ ನಾಗರಿಯಲ್ಲಿಯೋ ಕನ್ನಡದಲ್ಲಿಯೋ ಅಚ್ಚಾಗಿದ್ದರೆ ಓದುಗನಿಗೆ ಅದು ಲಿಪ್ಯಂತರವೆಂದು ತಿಳಿದಿರುತ್ತದೆ. ಸಂದೇಹವುಳ್ಳವನು ಮೂಲವನ್ನು ನೋಡಬಯಸುತ್ತಾನೆ. ಮೋಡಿಯ ಫಾಂಟಿನಲ್ಲಿ ಅಚ್ಚಾದರೆ ಮೂಲವನ್ನೇ ನೋಡಿದೆನೆಂಬ ತೃಪ್ತಿಯಿಂದ ಅವನು ಅಲ್ಲಿಗೇ ನಿಲ್ಲುತ್ತಾನೆ.

ಇದರಿಂದಾಗುವ ಹಾನಿಯ ಪ್ರಮಾಣವನ್ನು ಕಾಲನಿರ್ದೇಶದ ಉದಾಹರಣೆಯಿಂದ ತಿಳಿಯಬಹುದು. ಮರಾಠಿ ದಾಖಲೆಗಳಲ್ಲಿ ಸುಹೂರ್ ಸನ್ನು ಅರಬ್ಬೀ ಸಂಖ್ಯಾವಾಚಕಗಳಲ್ಲಿ ಬರೆಯುವುದು ವಾಡಿಕೆ. ‘ಸಬೈನ’ ಎಂದರೆ ಎಪ್ಪತ್ತು, ‘ತಿಸೈನ’ ಎಂದರೆ ತೊಂಬತ್ತು, ‘ಮಯಾ ವ ಅಲಫ’ ಎಂದರೆ ಸಾವಿರದ ನೂರು. ಸುಹೂರ್ ಸನ್ 1170 ಎಂದರೆ ಕ್ರಿ.ಶ. 1769-70, 1190 ಎಂದರೆ 1789-90. ಎರಡೂ ಪದಗಳ ಅಂತ್ಯಭಾಗ ಹೆಚ್ಚು ಕಡಿಮೆ ಒಂದೇ. ಮೊದಲ ಅಕ್ಷರವು ಸವೆದುಹೋಗಿರುವ ಕಾಗದದಲ್ಲಿ ಒಂದನ್ನು ಇನ್ನೊಂದೆಂದು ಓದಿದರೆ ದಾಖಲೆಯು ಹೈದರಾಲಿಯ ಕಾಲದಿಂದ ಟಿಪ್ಪುವಿನ ಕಾಲಕ್ಕೆ ಜಿಗಿಯುತ್ತದೆ. ಬಸದಿಗೆ ಬಿಟ್ಟ ಭೂಮಿಯ ದತ್ತಿಪತ್ರವೇ ಅದಾಗಿದ್ದರೆ ದಾನಿ ಯಾರು, ಅಧಿಕಾರಿ ಯಾರು, ಮಠದ ಪಟ್ಟದಲ್ಲಿ ಅಂದು ಇದ್ದ ಭಟ್ಟಾರಕರು ಯಾರು ಎಂಬ ಎಲ್ಲ ನಿರ್ಣಯಗಳೂ ಇಪ್ಪತ್ತು ವರ್ಷ ಸರಿದುಹೋಗುತ್ತವೆ. ಸಂಪಾದಕನು ತನ್ನ ಊಹೆಯನ್ನು ಕಂಸದೊಳಗಿಟ್ಟು ಬಾಳಬೋಧದಲ್ಲಿ ಮುದ್ರಿಸಿದರೆ ಮುಂದಿನವನು ತಿದ್ದಿಯಾನು. ಆ ಊಹೆಯೇ ಮೋಡಿಯ ಸುಂದರ ಅಕ್ಷರಗಳಲ್ಲಿ ಅಚ್ಚಾದರೆ ಅದು ಊಹೆಯೆಂಬುದೇ ಮರೆತುಹೋಗುತ್ತದೆ.

ಮೂಲ, ಪ್ರತಿ, ಅಚ್ಚು ಇವುಗಳ ಸಂಬಂಧದಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ಜೈನ ವಿದ್ವಾಂಸರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ ‘ಸಂಜದ’ ಪದದ ವಿಷಯವಾಗಿ ನಡೆದ ಚರ್ಚೆ ಎಲ್ಲರಿಗೂ ತಿಳಿದದ್ದೇ. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 16 ಸಂಪುಟಗಳಲ್ಲಿ ಧವಲಾಸಹಿತವಾಗಿ ಪ್ರಕಟವಾದ ಆ ಮಹಾಗ್ರಂಥದ ಮೊದಲ ಸಂಪುಟವು ಮೂಡುಬಿದಿರೆಯ ತಾಡಪತ್ರಗಳಿಂದ ಪರಂಪರೆಯಾಗಿ ಇಳಿದು ಬಂದ ಪ್ರತಿಗಳನ್ನು ಆಧರಿಸಿತ್ತು. ಆ ಪ್ರತಿಗಳಲ್ಲಿ ಇಲ್ಲದ ಪದವು ಅಲ್ಲಿ ಇರಬೇಕೆಂದು ಸಂಪಾದಕರಿಗೆ ತೋರಿದಾಗ ಅವರು ಅದನ್ನು ತಮ್ಮ ಊಹೆಯೆಂದು ಟಿಪ್ಪಣಿಯಲ್ಲಿ ಸೂಚಿಸಿದರು. ಅನಂತರ ಮೂಡುಬಿದಿರೆಯ ಮೂಲ ಓಲೆಗಳೊಡನೆ ತಾಳೆನೋಡಿದಾಗ ಆ ಪದವು ಮೂಲದಲ್ಲಿ ಇರುವುದು ತಿಳಿದುಬಂದಿತು. ಆ ಪದದ ಸಿದ್ಧಾಂತಪರವಾದ ಅರ್ಥವಿಚಾರ ಇಲ್ಲಿ ಪ್ರಕೃತವಲ್ಲ. ಇಲ್ಲಿ ಗ್ರಾಹ್ಯವಾದುದು ಇಷ್ಟು: ಪ್ರತಿಯು ಪ್ರತಿಯೆಂದು ತಿಳಿದಿದ್ದುದರಿಂದ, ಊಹೆಯು ಊಹೆಯೆಂದು ಕಾಣುತ್ತಿದ್ದುದರಿಂದ, ಮೂಲವನ್ನು ನೋಡಬೇಕೆಂಬ ಪ್ರಶ್ನೆ ಹುಟ್ಟಿತು, ಪ್ರಶ್ನೆ ಹುಟ್ಟಿದುದರಿಂದ ನಿರ್ಣಯಕ್ಕೆ ದಾರಿಯಾಯಿತು. ಒಂದು ಪದದ ಇರುವಿಕೆ ಇಲ್ಲದಿರುವಿಕೆಗಳು ಆಗಮದ ಅರ್ಥವನ್ನೇ ತೂಗುವಷ್ಟು ಭಾರವಾಗಬಲ್ಲವು. ಅಂತಹಲ್ಲಿ ಪ್ರತಿಗೆ ಮೂಲದ ವೇಷವನ್ನು ತೊಡಿಸುವ ಯಾವ ಸಾಧನವೂ, ಎಷ್ಟೇ ರಮ್ಯವಾಗಿರಲಿ, ಶಾಸ್ತ್ರಕ್ಕೆ ಉಪಕಾರಿಯಲ್ಲ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಮೂಲಲಿಪಿಯಲ್ಲಿಯೇ ಮುದ್ರಿಸದಿದ್ದರೆ ಲಿಪಿಯು ಸಾಯುವುದಿಲ್ಲವೇ? ಮೋಡಿಯನ್ನು ಮೋಡಿಯಾಗಿ ಕಣ್ಣಿಗೆ ಕಾಣಿಸದೆ ಹೊಸ ತಲೆಮಾರಿಗೆ ಅದರಲ್ಲಿ ಆಸಕ್ತಿ ಹುಟ್ಟುವುದು ಹೇಗೆ? ಆಕ್ಷೇಪವು ಸಾರವಿಲ್ಲದುದಲ್ಲ. ಹೆಸರುಫಲಕಗಳಲ್ಲಿ, ಗ್ರಂಥದ ಮುಖಪುಟದಲ್ಲಿ, ಮಂಗಲಪತ್ರಿಕೆಯಲ್ಲಿ ಮೋಡಿಯ ಅಕ್ಷರಗಳು ಕಾಣಿಸಿಕೊಳ್ಳುವುದರಿಂದ ಲಿಪಿಯ ವಿಷಯದಲ್ಲಿ ಅಭಿಮಾನ ಮೂಡುತ್ತದೆ. ಅಂತಹ ಬಳಕೆಯನ್ನು ಯಾರೂ ನಿಷೇಧಿಸಬೇಕಾಗಿಲ್ಲ. ಆದರೆ ಅಭಿಮಾನವು ಓದುವ ಶಕ್ತಿಯಲ್ಲ. ಪೆಟ್ಟಿಗೆಯಲ್ಲಿರುವ ಹರಿದ ಕಾಗದವನ್ನು ಓದಬಲ್ಲ ಒಬ್ಬನನ್ನು ಸಿದ್ಧಪಡಿಸುವುದು ನೂರು ಮುಖಪುಟಗಳಿಗಿಂತ ದೊಡ್ಡ ಕೆಲಸ. ಅದಕ್ಕೆ ಬೇಕಾದುದು ಬೋರು, ಕಾಗದ, ಮೂಲದ ಛಾಯಾಪ್ರತಿ ಮತ್ತು ದಿನವೂ ತಿದ್ದುವ ಗುರು. ಕೈಯಿಂದ ಬರೆದು ಕಲಿತವನು ಗೆರೆಯ ಗತಿಯನ್ನು ತಿಳಿಯುತ್ತಾನೆ. ಕೀಲಿಮಣೆಯಿಂದ ಕಲಿತವನಿಗೆ ಅದು ದೊರೆಯದು.

ಇನ್ನೊಂದು ಸಂಗತಿಯೂ ಸ್ಮರಣೀಯ. ಗೋವಿಂದ ಸಖಾರಾಮ ಸರದೇಸಾಯಿಯವರು 1930ರ ದಶಕದಲ್ಲಿ ಪೇಶವೆ ದಪ್ತರದಿಂದ ಆಯ್ದ ಪತ್ರಗಳನ್ನು 45 ಸಂಪುಟಗಳಲ್ಲಿ ಹೊರತಂದಾಗ ಅವನ್ನು ಮೋಡಿಯಲ್ಲಿ ಅಚ್ಚುಮಾಡಿಸದೆ ನಾಗರಿಯಲ್ಲಿ ಅಚ್ಚುಮಾಡಿಸಿದರು. ಮೋಡಿಯನ್ನು ಬಲ್ಲವರು ಮಹಾರಾಷ್ಟ್ರದಲ್ಲಿ ಇನ್ನೂ ಧಾರಾಳವಾಗಿದ್ದ ಕಾಲ ಅದು. ಪತ್ರವು ದಪ್ತರದಿಂದ ಹೊರಬಿದ್ದು ಅಪರಿಚಿತ ಓದುಗರ ಕೈಗೆ ಹೋಗುವಾಗ ಅದಕ್ಕೆ ಬಾಳಬೋಧದ ಉಡುಪೇ ಯೋಗ್ಯವೆಂಬ ವಿವೇಕವು ಆ ಕಾರ್ಯದಲ್ಲಿ ಕಾಣುತ್ತದೆ. ಇಂದಿನ ಸಂಪಾದಕರಿಗೆ ಅದು ಮಾರ್ಗದರ್ಶಕ.

ಈ ವಿವೇಚನೆಯಿಂದ ಸಂಪಾದನಕಾರ್ಯಕ್ಕೆ ಕೆಲವು ನಿಯಮಗಳು ಒದಗುತ್ತವೆ. ಮೋಡಿಯ ಅಥವಾ ಕಡತದ ಬರಹದ ದಾಖಲೆಯನ್ನು ಪ್ರಕಟಿಸುವಾಗ ಮೊದಲು ಮೂಲದ ಸ್ಪಷ್ಟವಾದ ಛಾಯಾಚಿತ್ರವಿರಬೇಕು. ಅದರ ಅಳತೆಯೂ ಪಂಕ್ತಿಗಳ ಸಂಖ್ಯೆಯೂ ನಮೂದಾಗಬೇಕು. ಅದರ ಎದುರಿಗೆ ಪಂಕ್ತಿಗೆ ಪಂಕ್ತಿಯಾಗಿ ಕನ್ನಡ ಅಥವಾ ನಾಗರಿ ಲಿಪ್ಯಂತರವಿರಬೇಕು. ಹ್ರಸ್ವದೀರ್ಘಗಳ ನಿರ್ಣಯ, ಪದವಿಭಾಗ, ಸಂಕ್ಷೇಪಗಳ ವಿಸ್ತಾರ, ಲುಪ್ತಾಕ್ಷರಗಳ ಪೂರಣ ಇವು ಸಂಪಾದಕನವೆಂಬುದು ಕಂಸಗಳಿಂದ ಅಥವಾ ಟಿಪ್ಪಣಿಗಳಿಂದ ತಿಳಿಯುವಂತಿರಬೇಕು. ಮೋಡಿಯ ಫಾಂಟಿಗೆ ಇಲ್ಲಿ ಎರಡು ಸ್ಥಾನಗಳುಂಟು: ಪೀಠಿಕೆಯಲ್ಲಿ ಆ ದಾಖಲೆಯ ಅಕ್ಷರವಿಶೇಷಗಳನ್ನು ಚರ್ಚಿಸುವಾಗ ಬಿಡಿ ಅಕ್ಷರಗಳನ್ನು ತೋರಿಸುವುದು; ಅನುಬಂಧದಲ್ಲಿ ಅಕ್ಷರಪಟ್ಟಿಕೆಯನ್ನು ಕೊಡುವುದು. ಆ ಪಟ್ಟಿಕೆಯಲ್ಲಿಯೂ ಫಾಂಟಿನ ಅಕ್ಷರದ ಪಕ್ಕದಲ್ಲಿ ಅದೇ ದಾಖಲೆಯಿಂದ ಕತ್ತರಿಸಿ ತೆಗೆದ ಅಕ್ಷರದ ಚಿತ್ರವಿದ್ದರೆ ಎರಡರ ಅಂತರವೂ ಓದುಗನಿಗೆ ಮನದಟ್ಟಾಗುತ್ತದೆ.

ಫಾಂಟು ರಚಿಸುವವರಿಂದಲೂ ಒಂದು ಉಪಕಾರವನ್ನು ಅಪೇಕ್ಷಿಸಬಹುದು. ಎಲ್ಲ ಕಾಲದ ಮೋಡಿಗೂ ಸಲ್ಲುವ ಒಂದು ಅಕ್ಷರಮಾಲೆಯ ಬದಲು, ಕಾಲನಿರ್ದೇಶವುಳ್ಳ ಒಂದೇ ದಾಖಲೆಯನ್ನೋ ಒಬ್ಬನೇ ಲಿಪಿಕಾರನ ಬರಹವನ್ನೋ ಆಧರಿಸಿ ರಚಿಸಿ, ಆ ಆಧಾರವನ್ನು ಹೆಸರಿನೊಡನೆಯೇ ತಿಳಿಸಿದರೆ ಅದು ಲಿಪಿಶಾಸ್ತ್ರದ ಪಾಠಕ್ಕೆ ನಿಜವಾದ ಸಾಧನವಾಗುತ್ತದೆ. ರಕಾರದ ರೂಪಭೇದಗಳೂ ಆಕಾರ ಕೂಡಿದ ವ್ಯಂಜನಗಳೂ ಬೋರುವಿನ ದಪ್ಪ ತೆಳುಗಳೂ ಅಂತಹ ರಚನೆಯಲ್ಲಿ ತಮ್ಮ ಸ್ಥಾನವನ್ನು ಪಡೆಯಬಲ್ಲವು. ಕನ್ನಡ ಕಡತದ ಬರಹಕ್ಕೆ ಮುಂದೆ ಫಾಂಟನ್ನು ರಚಿಸುವವರು ಈ ಕ್ರಮವನ್ನು ಮೊದಲಿನಿಂದಲೇ ಹಿಡಿಯುವುದು ಒಳ್ಳೆಯದು.

ಹಿಂದಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ ತಮ್ಮ ತಪ್ಪುಗಳನ್ನು ಕ್ಷಮಿಸಿ ತಿದ್ದಿಕೊಳ್ಳುವಂತೆ ಓದುಗರನ್ನು ಬೇಡಿಕೊಳ್ಳುತ್ತಿದ್ದರು. ತಾವು ಬರೆದುದು ಪ್ರತಿ, ಮೂಲವು ಬೇರೆ ಇದೆ ಎಂಬ ಅರಿವು ಆ ವಿನಯದ ಹಿಂದೆ ಇತ್ತು. ಗಣಕಯಂತ್ರಕ್ಕೆ ಆ ಅರಿವಿಲ್ಲ. ಅದನ್ನು ಬಳಸುವ ಸಂಪಾದಕನು ಅದನ್ನು ಕಾಯ್ದುಕೊಳ್ಳಬೇಕು. ಭಂಡಾರಗಳಲ್ಲಿ ಗ್ರಂಥಗಳ ಪಕ್ಕದಲ್ಲಿ ಕಟ್ಟಿಟ್ಟಿರುವ ಕಾಗದದ ಕಟ್ಟುಗಳನ್ನೂ ಕಡತಗಳನ್ನೂ ಬಿಚ್ಚಿ, ಛಾಯಾಚಿತ್ರ ತೆಗೆಸಿ, ಅವನ್ನು ಓದಬಲ್ಲ ಹಿರಿಯರು ಇರುವಾಗಲೇ ಅವರೆದುರಿಗೆ ಕಿರಿಯರನ್ನು ಕೂರಿಸುವ ಕಾರ್ಯ ಮೊದಲು ನಡೆಯಬೇಕಾಗಿದೆ. ಫಾಂಟಿನ ಉಪಯೋಗ ಅದಕ್ಕೆ ಅನುಸಾರಿಯಾಗಿ ಬಂದರೆ ಸಾಕು.